ಮನೆಯ ಮಾತು, ಕಾಲುವೆಯ ಮಾತು

ಶ್ರಾವಣದ ಸೋಮವಾರ. ಭೀಮರಾಯನಗುಡಿಯ ಕಿರಾಣಿ ಅಂಗಡಿಯ ಅಯ್ಯಣ್ಣ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಅಷ್ಟರಲ್ಲಿ ಪಂಕ್ಚರ್ ಅಂಗಡಿಯ ಮೌಲಾಲಿ ಬರಿಗಾಲಲ್ಲಿ ಬಂದು ಕಟ್ಟೆಯ ಕೆಳಗೆ ನಿಂತ. ಅವನ ಅಂಗಿ, ಲುಂಗಿ ಎರಡೂ ತೊಯ್ದು ಮೈಗೆ ಅಂಟಿದ್ದವು. ಮಳೆ ಬಂದಿರಲಿಲ್ಲ.

"ಸಾವಕಾರ್ರ, ಜರಾ ಕಾಲುವಿ ಕಡೆ ಬರ್ರಿ."

"ಯಾಕೋ ಮೌಲಾಲಿ? ಏನಾತು?"

"ಬರ್ರಿ ನೀವು."

ಮೌಲಾಲಿ ಸುಮ್ಮನಿರುವ ಮನುಷ್ಯನಲ್ಲ. ಸೈಕಲ್ಲಿನ ಟ್ಯೂಬಿಗೆ ತೇಪೆ ಹಚ್ಚುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಹೇಳಿ ಮುಗಿಸುವವನು. ಆ ದಿನ ಅವನ ಬಾಯಿಂದ ಮಾತು ಹೊರಡಲಿಲ್ಲ. ಅಯ್ಯಣ್ಣ ಕಟ್ಟೆ ಇಳಿದ.

"ನಮ್ಮ ಉಮಾ ಎಲ್ಲದಾಳ?"

"ಹುಡುಗೂರು ಎಲ್ಲಾ ಸಲಾಮತ್ ಅದಾರ್ರಿ. ನನ್ನ ಮಗಳು ಅಂಬರೀನೂ ಅದಾಳ. ದಂಡಿ ಮ್ಯಾಲ ಕುಂತಾಳ."

ಅಷ್ಟು ಹೇಳಿ ಮೌಲಾಲಿ ನಿಲ್ಲಿಸಿಬಿಟ್ಟ. ಮುಂದೆ ಹೇಳಬೇಕಾದ ಒಂದು ಹೆಸರು ಉಳಿದಿತ್ತು. ಅದನ್ನು ಹೇಳದೆ ಅವನು ತನ್ನ ಒದ್ದೆಯಾದ ಕಾಲುಗಳನ್ನು ನೋಡುತ್ತ ನಿಂತ. ಅಯ್ಯಣ್ಣನಿಗೆ ಕೇಳುವುದು ಇನ್ನೇನೂ ಉಳಿಯಲಿಲ್ಲ. ಆದರೂ ಬಾಯಿ ಬಿಟ್ಟು ಕೇಳಿದ, "ಮತ್ತ ಉಮಾ?"

"ಬರ್ರಿ ಸಾವಕಾರ್ರ, ನಿಮ್ಮ ಕಾಲಿಗಿ ಬೀಳ್ತೀನಿ. ಬರ್ರಿ."

ಹುಟ್ಟಿದಾಗಿನಿಂದ ಕೆಟ್ಟ ಮಾತು ತನ್ನ ಹೊಸ್ತಿಲು ದಾಟಬಾರದು ಎಂದು ಕಾಯ್ದುಕೊಂಡು ಬಂದ ಮುದುಕ, ಆ ಬೆಳಗ್ಗೆ ಯಾರಾದರೂ ಅದನ್ನು ಆಡಿ ಮುಗಿಸಲಿ ಎಂದು ಹಂಬಲಿಸಿದ. ಯಾರೂ ಆಡಲಿಲ್ಲ. ಕಾಲುವೆಯ ದಂಡೆಯ ಮೇಲೆ ಕೂಡಿದ್ದ ಜನ ಅವನನ್ನು ಕಂಡು ದಾರಿ ಬಿಟ್ಟರು. ಬೇವಿನ ಮರದ ಬುಡದಲ್ಲಿ ಮಕ್ಕಳು ಒಂದರ ಮೈಗೆ ಒಂದು ಅಂಟಿಕೊಂಡು ಕುಳಿತಿದ್ದವು. ಅಂಬರೀನ ಯಾರದೋ ಟವೆಲ್ಲು ಹೊದ್ದು ನಡುಗುತ್ತಿದ್ದಳು. ಬಟ್ಟೆ ಒಗೆಯುವ ಮೆಟ್ಟಿಲುಗಳ ಮೇಲೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಅದರ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ.

ನೀರಾವರಿ ಕ್ಯಾಂಪಿನವರು ಫೋನು ಮಾಡಿ ಮೇಲಿನ ಗೇಟು ಇಳಿಸಿದರು. ನೀರು ತಗ್ಗಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಕೆಳಗಿನ ತೂಬಿನ ಸರಳುಗಳಿಗೆ ತಡೆದು ನಿಂತಿದ್ದ ಉಮಾಶ್ರೀಯನ್ನು ನಾಲ್ಕು ಜನ ಎತ್ತಿ ತಂದು ದಂಡೆಯ ಮೇಲೆ ಮಲಗಿಸಿದರು. ಅಯ್ಯಣ್ಣ ತನ್ನ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಗಳ ಮುಖ ಒರೆಸಿದ.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಬೆಳಗಿನ ಹೊತ್ತು ಕಾಲುವೆಯ ದಂಡೆಗೆ ಯಾಕೆ ಹೋಗಬೇಕಿತ್ತು? ಅದನ್ನು ಹೇಳಬೇಕಾದರೆ ಅಯ್ಯಣ್ಣನ ಮನೆಯ ರೀತಿಯನ್ನು ಹೇಳಬೇಕು.

ಅಯ್ಯಣ್ಣನ ಮನೆಯಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ತುಂಬುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಹೊರಗೆ ಹೊರಟವರು ಬರುತ್ತೇನೆ ಎಂದು ಹೇಳಬೇಕು, ಹೋಗುತ್ತೇನೆ ಎನ್ನಬಾರದು. ಇವೆಲ್ಲ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಉಂಟು. ಆದರೆ ಉಳಿದವರು ಅಭ್ಯಾಸದಿಂದ ಹೇಳುತ್ತಾರೆ, ಅಯ್ಯಣ್ಣ ಭಯದಿಂದ ಹೇಳುತ್ತಿದ್ದ. ಗಿರಾಕಿ ಬೆಲ್ಲ ಕೇಳಿದಾಗ ಡಬ್ಬಿ ಬರಿದಾಗಿದ್ದರೂ ಅವನ ಬಾಯಿಂದ ‘ಇಲ್ಲ’ ಬರುತ್ತಿರಲಿಲ್ಲ. "ನಾಳಿಗಿ ಬರ್ತದ" ಎನ್ನುತ್ತಿದ್ದ. ಶಿವನೊಬ್ಬನೇ ದೇವರೆಂದು ಲಿಂಗ ಕಟ್ಟಿಕೊಂಡ ಮನೆತನವಾದರೂ, ಅವನ ತಾಯಿ ಚಿಕ್ಕಂದಿನಲ್ಲಿ ಹೇಳಿದ್ದ ಒಂದು ಮಾತು ಅವನ ಎದೆಯಲ್ಲಿ ಬೇರು ಬಿಟ್ಟಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆಯ ಮೇಲೆ ಹಾಯ್ದು ಹೋಗುತ್ತಾರೆ, ಆಗ ಕಿವಿಗೆ ಬಿದ್ದ ಮಾತಿಗೆಲ್ಲ ‘ಹಾಗೇ ಆಗಲಿ’ ಎನ್ನುತ್ತಾರೆ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಅವರು ವಿಚಾರಿಸುವುದಿಲ್ಲ.

ಈ ನಂಬಿಕೆ ಗಟ್ಟಿಯಾಗುವಂಥದು ಒಂದು ನಡೆದೂ ಇತ್ತು. ಉಮಾಶ್ರೀಯನ್ನು ಸುರಪುರದ ಶಿವರಾಜನಿಗೆ ಕೊಟ್ಟಿದ್ದರು. ಒಂದು ಸಂಜೆ ಗಂಡಹೆಂಡತಿ ಭೀಮರಾಯನಗುಡಿಗೆ ಬಂದಿದ್ದರು, ಶಿವರಾಜ ಏನೋ ಕೆಲಸವೆಂದು ಮೋಟರ್‌ಸೈಕಲ್ ಮೇಲೆ ಯಾದಗಿರಿಗೆ ಹೋಗಿದ್ದ. ರೊಟ್ಟಿ ಬಡಿಯುತ್ತಿದ್ದ ಅಯ್ಯಣ್ಣನ ಹೆಂಡತಿ ಗೊಲ್ಲಾಳಮ್ಮ, ಹಾದಿ ನೋಡಿ ನೋಡಿ ಬೇಸತ್ತು, ದೀಪ ಹಚ್ಚುವ ಹೊತ್ತಿಗೇ "ಅವ ಇನ್ನ ಬರಂಗಿಲ್ಲ ತಗೊ" ಎಂದಳು. ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಮುದನಾಳದ ಹತ್ತಿರ ಲಾರಿ ಹಾಯ್ದ ಸುದ್ದಿ ಬಂತು. ಅಯ್ಯಣ್ಣ ಹೆಂಡತಿಯನ್ನು ಒಂದು ದಿನವೂ ಬೈಯಲಿಲ್ಲ. ಆದರೆ ಅಂದಿನಿಂದ ಸಂಜೆಯಾದರೆ ಅವನು ಮನೆಯವರ ಬಾಯಿ ಕಾಯಲು ಕುಳಿತ. ಗಂಡನನ್ನು ಕಳೆದುಕೊಂಡು ಮರಳಿ ಬಂದ ಮಗಳೊಬ್ಬಳು ಉಳಿದಿದ್ದಳು. ಅವಳಿಗೆ ಏನೂ ಆಗಬಾರದು. ಅವನ ಜಪ, ತಪ, ಪೂಜೆ ಎಲ್ಲವೂ ಅದೊಂದಕ್ಕೇ ಆಗಿತ್ತು.

ಉಮಾಶ್ರೀ ಶಹಾಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಸಂಜೆ ಮನೆಯ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ಮಾಡುತ್ತಿದ್ದಳು. ನಮ್ಮ ಮಕ್ಕಳು ಗಣಿತವನ್ನಾದರೂ ದಾಟುತ್ತವೆ, ಇಂಗ್ಲಿಷಿನ ಮುಂದೆ ಬಂದು ಮುಗ್ಗರಿಸುತ್ತವೆ. ಅದರಲ್ಲೂ ಆ ಭಾಷೆಯ ಕೆಲವು ಕ್ರಿಯಾಪದಗಳು ಭಾರಿ ಹಟಮಾರಿಗಳು. ಆಗಿಹೋದದ್ದನ್ನು ಹೇಳುವಾಗ ಉಳಿದವೆಲ್ಲ ಸಾಲಾಗಿ ಒಂದೇ ಬಾಲ ಹಚ್ಚಿಕೊಂಡರೆ, ಇವು ಒಂದೊಂದು ಒಂದೊಂದು ವೇಷ ಹಾಕುತ್ತವೆ. ಗೋ ಎಂಬುದು ವೆಂಟ್ ಆಗುತ್ತದೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಬಾಯಿಪಾಠ ಮಾಡಿಸುವುದೊಂದೇ ದಾರಿ. ಉಮಾಶ್ರೀ ಮೊದಲು ಒಂದು ರೂಪ ಹೇಳುವಳು, ಮಕ್ಕಳೆಲ್ಲ ಕೂಡಿ ಅದರ ಮೂರೂ ರೂಪಗಳನ್ನು ಏರುದನಿಯಲ್ಲಿ ಹೇಳುವವು. ಭಜನೆಯ ಹಾಗೆ ಪಡಸಾಲೆ ತುಂಬುತ್ತಿತ್ತು.

ಜೂನ್ ತಿಂಗಳ ಒಂದು ಸಂಜೆ ಗೊಲ್ಲಾಳಮ್ಮ ದೀಪ ಹಚ್ಚಲು ಕಡ್ಡಿ ಗೀರಿದಳು. ಪಡಸಾಲೆಯಿಂದ "ಬ್ರೇಕ್, ಬ್ರೋಕ್, ಬ್ರೋಕನ್! ಫಾಲ್, ಫೆಲ್, ಫಾಲನ್!" ಎಂದು ಕೂಗು ಎದ್ದಿತು. ಅಂಗಡಿಯಲ್ಲಿ ಕುಳಿತಿದ್ದ ಅಯ್ಯಣ್ಣ ಒಳಗೆ ಬಂದ.

"ಉಮಾ, ಏನದು? ಏನ್ ಒದರಾಕತ್ತಾರ ಇವ್ರು?"

"ಪಾಠ ಅಪ್ಪಾ."

"ಅರ್ಥ ಹೇಳು."

"ಬ್ರೇಕ್ ಅಂದ್ರ ಮುರಿ. ಬ್ರೋಕ್ ಅಂದ್ರ ಮುರೀತು. ಫಾಲ್ ಅಂದ್ರ ಬೀಳು. ಫೆಲ್ ಅಂದ್ರ ಬಿತ್ತು."

ಅಯ್ಯಣ್ಣ ದೀಪದ ಗೂಡಿನ ಕಡೆ ನೋಡಿದ. "ದೀಪಾ ಹಚ್ಚೂ ಹೊತ್ತಿನ್ಯಾಗ ಇಷ್ಟು ಮಂದಿ ಕೂಡಿ ಮುರೀತು, ಬಿತ್ತು ಅಂದ್ರ ಮನಿ ಉಳೀತದೇನು?"

"ಅಪ್ಪಾ, ನಮ್ಮದು ಲಿಂಗ ಕಟ್ಟಿದ ಮನಿ. ಈ ಅಸ್ತು ದೇವತಿಗಳು ನಮ್ಮಲ್ಲಿ ಯಾವಾಗ ಬಾಡಿಗಿಗಿ ಬಂದ್ರು? ಬಂದ್ರೂ ಅವ್ರಿಗಿ ಇಂಗ್ಲಿಷ್ ತಿಳೀಬೇಕಲ್ಲ! ಈ ಹುಡುಗೂರಿಗೇ ತಿಳಿವಲ್ದು."

ಮಕ್ಕಳು ಕಿಸಕ್ಕನೆ ನಕ್ಕವು. ಅಯ್ಯಣ್ಣ ನಗಲಿಲ್ಲ.

"ಬೀಳು ಅಂದ್ರ ಇನ್ನ ಬಿದ್ದಿಲ್ಲವ್ವಾ, ಕೈ ಕೊಟ್ಟು ತಡೀಬಹುದು. ಬಿತ್ತು ಅಂದಮ್ಯಾಲ ತಡಿಯಾಕ ಏನು ಉಳೀತು? ಆಗದೇ ಇದ್ದದ್ದನ್ನ ಆತು ಆತು ಅಂತ ದಿನಾ ಕರದ್ರ, ಅದು ಬರಂಗಿಲ್ಲೇನು?"

ಅವನ ಕಣ್ಣಲ್ಲಿ ನೀರು ಬಂದಿತ್ತು. ಉಮಾಶ್ರೀಗೆ ತಂದೆ ಏನನ್ನು ನೆನೆಯುತ್ತಿದ್ದಾನೆ ಎಂದು ತಿಳಿಯಿತು. ಅವಳು ವಾದ ಮಾಡಲಿಲ್ಲ.

ಮರುದಿನ ಅಂಗಡಿಯ ಕಟ್ಟೆಯ ಮೇಲೆ ತಂದೆ, ಮಗಳು ಕುಳಿತು ಇಂಗ್ಲಿಷಿನ ಕ್ರಿಯಾಪದಗಳನ್ನು ಕಾಳು ಹಸನು ಮಾಡಿದ ಹಾಗೆ ಬೇರೆ ಮಾಡಿದರು. ಮಗಳು ಒಂದೊಂದನ್ನೇ ಹೇಳಿ ಅರ್ಥ ಬಿಡಿಸುವಳು. ಮನೆಯಲ್ಲಿ ಇರಬೇಕೋ ಹೊರಗೆ ಹೋಗಬೇಕೋ ಎಂದು ತಂದೆ ತೀರ್ಪು ಕೊಡುವನು.

"ಈಟ್, ಏಟ್. ಉಣ್ಣು, ಉಂಡ."

"ಇರ್ಲಿ, ಇರ್ಲಿ. ಉಂಡ ಅನ್ನೂದು ಶುಭ."

"ಗಿವ್, ಗೇವ್. ಕೊಡು, ಕೊಟ್ಟ."

"ಇರ್ಲಿ."

"ಸೆಲ್, ಸೋಲ್ಡ್. ಮಾರು, ಮಾರಿದ."

"ಅದನ್ನ ಜರಾ ಜೋರಾಗಿ ಅನ್ನಸು" ಎಂದ ಅಯ್ಯಣ್ಣ. ಉಮಾಶ್ರೀ ನಕ್ಕಳು. ಗಂಡ ಹೋದ ಮೇಲೆ ಅವಳು ಅಷ್ಟು ಬಾಯಿ ತುಂಬ ನಕ್ಕಿದ್ದನ್ನು ಗೊಲ್ಲಾಳಮ್ಮ ಒಳಗಿನಿಂದ ಕೇಳಿ ಹೊರಗೆ ಬಂದು ನೋಡಿದಳು.

"ಸ್ಲೀಪ್, ಸ್ಲೆಪ್ಟ್. ಮಲಗು, ಮಲಗಿದ."

ಅಯ್ಯಣ್ಣ ವಿಚಾರಕ್ಕೆ ಬಿದ್ದ. "ಸಂಜಿ ಮುಂದ ಮಲಗಬಾರದು. ಹೊರಗ ಹಾಕು."

ಹೀಗೆ ಬ್ರೇಕ್, ಫಾಲ್ ಹೊರಗೆ ಬಿದ್ದವು. ಕಳೆದುಕೊ ಎಂಬ ಲೂಸ್, ಬಿಟ್ಟುಹೋಗು ಎಂಬ ಲೀವ್, ಮರೆ ಎಂಬ ಫರ್ಗೆಟ್, ಮುಳುಗು ಎಂಬ ಸಿಂಕ್ ಹೊರಗೆ ಬಿದ್ದವು. ಗೋ ಬಂದಾಗ ದೊಡ್ಡ ಜಗಳವೇ ಆಯಿತು.

"ಅಪ್ಪಾ, ಗೋ ಇಲ್ದ ಇಂಗ್ಲಿಷ್ ಎಲ್ಲದ? ಎಲ್ಲಾರೂ ಮೊದ್ಲು ಕಲಿಯೂದೇ ಅದನ್ನ."

"ನಮ್ಮ ಮನ್ಯಾಗ ಯಾರೂ ಹೋಗೂದಿಲ್ಲ, ಬರ್ತಾರ. ಬರೂದಕ್ಕ ಏನಂತಾರ?"

"ಕಮ್. ಕೇಮ್."

"ಅದನ್ನ ಅನ್ನಸು."

"ಮತ್ತ ಹೊರಗ ಹಾಕಿದ್ದವನ್ನ ಏನ್ ಮಾಡ್ಲಿ? ಪರೀಕ್ಷಾದಾಗ ಅವೂ ಬರ್ತಾವ."

ಅದಕ್ಕೆ ಅಯ್ಯಣ್ಣ ಹಿಂದಿನ ದಿನವೇ ಉತ್ತರ ಹುಡುಕಿಕೊಂಡಿದ್ದ. ಮೈಲಿಗೆಯಾದದ್ದನ್ನು ನೀರಿಗೆ ಬಿಡುವುದು ಲೋಕದ ರೂಢಿ. "ಮುಂಜಾನೆ ಕಾಲುವಿ ದಂಡಿಗಿ ಕರ್ಕೊಂಡು ಹೋಗು. ಹರಿಯೂ ನೀರಿನ ಮುಂದ ಅಂದದ್ದು ನೀರಿನ ಸಂಗಾಟನೇ ಹೋಗ್ತದ, ಮನಿ ತನಕ ಬರಂಗಿಲ್ಲ."

"ಕಾಲುವ್ಯಾಗ ಈಗ ನೀರೇ ಇಲ್ಲಲ್ಲ ಅಪ್ಪಾ. ಕತ್ತೆ ಮಲ್ಕೊಂಡಾವ ಅಲ್ಲಿ."

"ಬರ್ತದ. ಮಳಿ ಆಗ್ಲಿ, ನೀರು ಬರ್ತದ."

ಹಾಗೆ ಪಾಠ ಎರಡಾಯಿತು. ಸಂಜೆ ಪಡಸಾಲೆಯಲ್ಲಿ ಉಣ್ಣುವ, ಕೊಡುವ, ತರುವ, ಹಾಡುವ ಮಾತುಗಳು. ಬೆಳಗ್ಗೆ ಶಾಲೆಗೆ ಮೊದಲು ಕಾಲುವೆಯ ಮೆಟ್ಟಿಲ ಮೇಲೆ ಮುರಿಯುವ, ಬೀಳುವ, ಮುಳುಗುವ, ಕಳೆಯುವ ಮಾತುಗಳು. ಮಕ್ಕಳು ಇವಕ್ಕೆ ಮನೆಯ ಮಾತು, ಕಾಲುವೆಯ ಮಾತು ಎಂದು ಹೆಸರಿಟ್ಟವು. ಮನೆಯ ಮಾತುಗಳನ್ನು ಹೇಳುವಾಗ ಆಕಳಿಸುತ್ತಿದ್ದ ಮಕ್ಕಳು ಕಾಲುವೆಯ ಮಾತುಗಳನ್ನು ಎಷ್ಟು ಹುರುಪಿನಿಂದ ಕೂಗುತ್ತಿದ್ದವೆಂದರೆ ಬೇವಿನ ಮರದ ಹಕ್ಕಿಗಳು ಹಾರಿಹೋಗುತ್ತಿದ್ದವು. ಬತ್ತಿದ ಕಾಲುವೆಯ ಕಲ್ಲುಗೋಡೆಗಳ ನಡುವೆ ಆ ಕೂಗು ಇಳಿದು, ದೂರ ಹೋಗಿ, ಮತ್ತೆ ತಿರುಗಿ ಬರುತ್ತಿತ್ತು.

ಒಂದು ದಿನ ಬಟ್ಟೆ ಒಗೆಯಲು ಬೋರಿನ ಕಡೆಗೆ ಹೊರಟಿದ್ದ ಮರಿಲಿಂಗಮ್ಮ ಸಾಬೂನಿಗೆಂದು ಅಂಗಡಿಗೆ ಬಂದಳು.

"ಸಾವಕಾರ್ರ, ನಿಮ್ಮ ಮಗಳು ಮುಂಜಾನೆ ಎದ್ದು ಮಕ್ಕಳ ಕಡಿಂದ ಅದೇನ್ ಜಪ ಮಾಡಸ್ತಾಳ್ರಿ?"

"ಜಪ ಅಲ್ಲವ್ವಾ, ಇಂಗ್ಲಿಷ್."

"ಯಾವುದಾದ್ರೂ ಆಗ್ಲಿ. ಮಕ್ಕಳು ಒಂದು ಸಲ ಅಂತಾವ, ಕಾಲುವಿ ಒಳಗಿಂದ ಇನ್ನೊಂದು ಸಲ ಅಂದಂಗ ಕೇಳ್ತದ. ನಾ ಈಗ ಆ ಕಡೆ ಹಾಯೂದೇ ಬಿಟ್ಟೀನಿ."

ಅಯ್ಯಣ್ಣ ಸಾಬೂನು ಕೊಟ್ಟು ಕಾಲುವೆಯ ಕಡೆಗೊಮ್ಮೆ ನೋಡಿದ. ಆದರೆ ಆ ಮಾತುಗಳು ಈಗ ತನ್ನ ಮನೆಯಲ್ಲಿ ಇಲ್ಲವಲ್ಲ, ಕಾಲುವೆಯಲ್ಲಿವೆಯಲ್ಲ ಎಂದು ಸಮಾಧಾನ ತಂದುಕೊಂಡ. ಆ ದಿನಗಳಲ್ಲಿ ಅವನ ಮನೆಯ ದೀಪ ಅಲುಗದೆ ಉರಿಯಿತು. ಮಗಳ ಮುಖದಲ್ಲಿ ಕಳೆ ಬಂತು. ತಾನು ಮಾಡಿದ್ದು ಸರಿಯೆಂದು ಅವನು ಶಿವನಿಗೆ ದಿನವೂ ಕೈ ಮುಗಿದ.

ಆಷಾಢ ಮುಗಿಯುತ್ತ ಬಂದಾಗ ಮೇಲೆ ಮಳೆಯಾಯಿತು. ಆಟೋರಿಕ್ಷಾಕ್ಕೆ ಮೈಕು ಕಟ್ಟಿಕೊಂಡು ಸಾರಿದರು: ಕಾಲುವೆಗೆ ನೀರು ಬಿಡಲಾಗುತ್ತದೆ, ದನಕರುಗಳನ್ನು, ಮಕ್ಕಳನ್ನು ದಂಡೆಯಿಂದ ದೂರ ಇಡಬೇಕು. ಹೊಸ ನೀರು ನೋಡಲು ಊರೇ ಹೋಯಿತು. ಹತ್ತಿ, ಭತ್ತ ಹಾಕಿದ ರೈತರು ಕಾಯಿ ಒಡೆದು ಕುಂಕುಮ ಎರಚಿದರು. ಅಯ್ಯಣ್ಣನೂ ನಿಂತು ನೋಡಿದ. ನೀರು ನಾಲಿಗೆ ಚಾಚಿದ ಹಾಗೆ ಮೊದಲು ಮೆಲ್ಲಗೆ ಬಂತು. ಮುಂದೆ ಒಣ ಎಲೆ, ಹರಕು ಚಪ್ಪಲಿ, ಸತ್ತ ನಾಯಿಮರಿ, ನೊರೆ. ಹಿಂದೆ ಕೆಂಪು ನೀರು. ಬಟ್ಟೆ ಒಗೆಯುವ ಮೆಟ್ಟಿಲುಗಳು ಒಂದಾದ ಮೇಲೊಂದು ಒಳಗೆ ಹೋದವು. ಕೊನೆಗೆ ಮೇಲಿನವು ಕೆಲವೇ ಉಳಿದವು. ಏರುವಾಗ ಗುಳುಗುಳು ಎಂದ ನೀರು ತುಂಬಿದ ಮೇಲೆ ಸದ್ದನ್ನೇ ನಿಲ್ಲಿಸಿತು. ಅಷ್ಟು ನೀರು ಅಷ್ಟು ಸುಮ್ಮನೆ ಹರಿಯುವುದನ್ನು ಕಂಡು ಅಯ್ಯಣ್ಣ ‘ಶಿವ ಶಿವಾ’ ಎಂದು ಮನೆಗೆ ಬಂದುಬಿಟ್ಟ.

ವಾರ ಕಳೆದ ಮೇಲೆ ಉಮಾಶ್ರೀ ಊಟಕ್ಕೆ ಕುಳಿತಾಗ ಮಾತು ತೆಗೆದಳು.

"ಅಪ್ಪಾ, ಅಲ್ಲಿ ನೀರು ಭಾಳ ಬಂದದ. ಮೆಟ್ಲಿಗಿ ಪಾಚಿ ಹಿಡದದ. ಇನ್ನ ಮುಂದ ಅವನ್ನೂ ಮನ್ಯಾಗ ಅನ್ನಸ್ಲೇನು? ಸಂಜಿ ಬ್ಯಾಡ, ಮುಂಜಾನೆ."

ಗೊಲ್ಲಾಳಮ್ಮ ಕೂಡಲೇ, "ಅನ್ನಸು ಅಂತ ಹೇಳ್ರಿ. ಮಳಿಗಾಲದಾಗ ಮಕ್ಕಳ್ನ ಕಟಗೊಂಡು ಯಾಕ ಅಡ್ಡಾಡಬೇಕು ಆಕಿ?" ಎಂದಳು.

ಅಯ್ಯಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟ. ಇಷ್ಟು ದಿನ ಹೊರಗೆ ಕಟ್ಟಿಹಾಕಿದ್ದನ್ನು ಹೊಸ್ತಿಲೊಳಗೆ ಕರೆಯುವುದೆಂದರೆ?

"ಇನ್ನ ಎಷ್ಟು ಉಳದಾವವ್ವಾ?"

"ಭಾಳ ಇಲ್ಲ. ಈ ವಾರ, ಬರೂ ವಾರ."

"ಹಂಗಾರ ಅಲ್ಲೇ ಮುಗಿಸಿಬಿಡು. ನೀರು ಬಂದದ್ದು ಚಲೋನೇ ಆತು. ಎಲ್ಲಾ ಒಯ್ತದ ಅದು. ಮಕ್ಕಳ್ನ ಮ್ಯಾಲಿನ ಮೆಟ್ಲ ಮ್ಯಾಲ ಕುಂದರಸು, ಸಾಕು."

"ಏನ್ರೀ ನೀವು!" ಎಂದಳು ಗೊಲ್ಲಾಳಮ್ಮ. "ಮಂದಿ ನೀರಿಗಿ ಅಂಜತಾರ. ನೀವು ಮಾತಿಗಿ ಅಂಜತೀರಿ."

"ನೀ ಸುಮ್ನಿರು. ಮಾತಿನಿಂದ ಏನಾಗ್ತದ ಅನ್ನೂದು ನಿನಗ ಗೊತ್ತಿಲ್ಲೇನು?"

ಗೊಲ್ಲಾಳಮ್ಮನ ಮುಖ ಸಣ್ಣದಾಯಿತು. ಅವಳು ಎದ್ದು ಒಳಗೆ ಹೋದಳು. ಉಮಾಶ್ರೀ ತಾಯಿ ಹೋದ ದಿಕ್ಕನ್ನೊಮ್ಮೆ, ತಂದೆಯನ್ನೊಮ್ಮೆ ನೋಡಿದಳು. "ಆತು ಬಿಡಪ್ಪಾ" ಎಂದು ತಟ್ಟೆ ಎತ್ತಿಕೊಂಡಳು.

ಶ್ರಾವಣ ಬಂತು. ಸೋಮವಾರ ಬೆಳಗ್ಗೆ ಅಯ್ಯಣ್ಣ ಪೂಜೆಗೆ ಕುಳಿತಾಗ ಮಗಳು ಹಿಂದಿನಿಂದ, "ಅಪ್ಪಾ, ಬರ್ತೀನಿ" ಎಂದಳು. ಲಿಂಗದ ಮೇಲಿಟ್ಟ ದೃಷ್ಟಿಯನ್ನು ತೆಗೆಯಬಾರದೆಂದು ಅವನು ತಲೆಯನ್ನಷ್ಟೇ ಅಲ್ಲಾಡಿಸಿದ. ಮುಂದಿನದನ್ನು ಹೇಳಿ ಆಗಿದೆ.

ದವಾಖಾನೆಯಿಂದ ದೇಹವನ್ನು ತಂದ ಮೇಲೆ ಪಡಸಾಲೆಯಲ್ಲಿ ಉಮಾಶ್ರೀಯನ್ನು ಗೋಡೆಗೆ ಆನಿಸಿ ಕೂರಿಸಿದರು. ವಿಭೂತಿ ಹಚ್ಚಿ, ಹೂವು ಏರಿಸಿ, ಕೈಯಲ್ಲಿ ಲಿಂಗವಿಟ್ಟರು. ಅವಳು ದಿನವೂ ಪಾಠ ಹೇಳಲು ಕೂರುತ್ತಿದ್ದ ಸ್ಥಳವೇ ಅದು. ಮಠದ ಅಯ್ಯನವರು ಬಂದು ಮಾಡಬೇಕಾದದ್ದನ್ನು ಮಾಡಿದರು. ಬಂದವರೆಲ್ಲ ‘ಲಿಂಗೈಕ್ಯಳಾದಳು’ ಎಂದರು. ‘ಶಿವನ ಪಾದ ಸೇರಿದಳು’ ಎಂದರು. ಅಯ್ಯಣ್ಣ ಯಾವುದನ್ನೂ ಆಡಲಿಲ್ಲ. ಯಾರಾದರೂ ಮಗಳ ವಿಷಯ ಕೇಳಿದರೆ ತುಟಿ ಬಿಗಿಹಿಡಿಯುತ್ತಿದ್ದ.

ಮಣ್ಣಿಗಿಟ್ಟು ಬಂದ ಮೇಲೆ ಊರಲ್ಲಿ ಬೇರೊಂದು ಮಾತು ಹುಟ್ಟಿತು. ದಿನ ಬೆಳಗಾದರೆ ನೀರಿನ ಮುಂದೆ ಕುಳಿತು ಬಿತ್ತು, ಮುಳುಗಿತು ಎಂದು ಕರೆದರೆ ಬಾರದೆ ಇರುತ್ತದೆಯೇ? ಆ ಮಾತುಗಳೇ ಅವಳನ್ನು ಎಳೆದುಕೊಂಡವು. ಮರಿಲಿಂಗಮ್ಮ ತಾನು ಕಿವಿಯಾರೆ ಕೇಳಿದ್ದನ್ನು ಎಲ್ಲರಿಗೂ ಹೇಳಿದಳು. ತಂದೆತಾಯಿಗಳು ಮಕ್ಕಳ ಬಾಯಿಂದ ಆ ಮೂರು ರೂಪಗಳು ಬರದಂತೆ ಹೆದರಿಸಿದರು. ಒಬ್ಬ ತಂದೆಯಂತೂ ಅಂಗಡಿಗೇ ಬಂದು, "ನೀವು ಅವನ್ನ ಮನಿ ಹೊರಗ ಹಾಕಸಿದ್ದೇ ಚಲೋ ಆತ್ರಿ. ಇಲ್ಲಾಂದ್ರ ಮನೀನೇ ಒಯ್ತಿದ್ವು" ಎಂದ.

ಅಯ್ಯಣ್ಣನಿಗೆ ಆ ಮಾತು ಆಧಾರದ ಹಾಗೆ ಸಿಕ್ಕಿತು. ಮಾತು ಕೊಂದಿದ್ದರೆ ತಾನು ಅಂಜಿದ್ದು ಸರಿ. ಮಾತು ಕೊಂದಿದ್ದರೆ, ತಾನು ಮಗಳನ್ನು ಕಾಯಲು ಮನುಷ್ಯನಿಂದ ಆಗುವುದನ್ನೆಲ್ಲ ಮಾಡಿದ್ದಾನೆ, ಅದರ ಬಲ ತನ್ನ ಬಲಕ್ಕಿಂತ ಹೆಚ್ಚಾಯಿತು, ಅಷ್ಟೇ. ಆದರೆ ಪೂಜೆಗೆ ಕುಳಿತರೆ ಒಂದು ಪ್ರಶ್ನೆ ಅಡ್ಡ ಬರುತ್ತಿತ್ತು. ಆ ಹೊತ್ತಿಗೆ ಅವರ ಬಾಯಲ್ಲಿ ಇದ್ದದ್ದು ಯಾವ ಮಾತು? ಅದು ತಿಳಿಯದೆ ಅವನಿಗೆ ಲಿಂಗದ ಮೇಲೆ ದೃಷ್ಟಿ ನಿಲ್ಲದಾಯಿತು. ಊಟ ಬೇಡವಾಯಿತು. ಮನೆಯವರು ಹೆದರಿಸಿದ್ದರಿಂದ ಉಳಿದ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ, ಎಲ್ಲರಿಗಿಂತ ಹತ್ತಿರ ಇದ್ದವಳು ಅಂಬರೀನ. ಆ ಹುಡುಗಿ ಜ್ವರ ಬಂದು ಮಲಗಿದ್ದಳು, ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಜ್ವರ ಬಿಟ್ಟಿತೆಂದು ಕೇಳಿದ ದಿನ ಅಯ್ಯಣ್ಣ ಇಳಿಹೊತ್ತಿನಲ್ಲಿ ಮೌಲಾಲಿಯ ಮನೆಗೆ ಹೋದ. ಮೌಲಾಲಿ ಗಾಬರಿಯಾಗಿ ಕುರ್ಚಿ ಒರೆಸಿ ಹಾಕಿದ. ಅಂಬರೀನ ಚಾಪೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಅಯ್ಯಣ್ಣ ಕುರ್ಚಿ ಬಿಟ್ಟು ಅವಳ ಎದುರಿಗೆ ನೆಲದ ಮೇಲೆ ಕುಳಿತ.

"ನನಗ ಒಂದು ಹೇಳವ್ವಾ. ಅವತ್ತು ನೀವು ಏನು ಅನ್ನಾಕತ್ತಿದ್ರಿ?"

ಹುಡುಗಿ ತಂದೆಯ ಮುಖ ನೋಡಿದಳು.

"ಹೇಳಮ್ಮಾ. ಮುತ್ಯಾ ಕೇಳಾಕತ್ತಾರ" ಎಂದ ಮೌಲಾಲಿ.

"ಏನೂ ಅಂದಿಲ್ರಿ ಮುತ್ಯಾ."

"ಅಂಜಬ್ಯಾಡ. ಬಿತ್ತು ಅನ್ನೂದೋ, ಮುಳುಗ್ತು ಅನ್ನೂದೋ, ಯಾವುದಿದ್ರೂ ಹೇಳು. ನಾ ನಿನಗ ಏನೂ ಅನ್ನಂಗಿಲ್ಲ."

"ಖರೇನೇ ಏನೂ ಅಂದಿಲ್ರಿ. ಟೀಚರ್ ಬ್ಯಾಡ ಅಂದ್ರು. ಇವತ್ತು ನೀರು ಮ್ಯಾಲಿನ ಮೆಟ್ಲಿಗಿ ಬಂದದ, ಪಾಠ ಬ್ಯಾಡ, ಎಲ್ಲಾರೂ ಎದ್ದು ಮರದ ಕೆಳಗ ನಡೀರಿ ಅಂದ್ರು. ನಾಳಿಂದ ಇಲ್ಲಿ ಬರೂದು ಬ್ಯಾಡ, ನಮ್ಮಪ್ಪಗ ಇನ್ನೊಂದು ಸಲ ಕೇಳ್ತೀನಿ ಅಂದ್ರು. ಎಲ್ಲಾರೂ ಸುಮ್ನ ಏಳಾಕತ್ತಿದ್ವಿ. ನನ್ನ ಕಾಲು ಜಾರ್ತು. ಟೀಚರ್ ನನ್ನ ರಟ್ಟಿ ಹಿಡದು ಮ್ಯಾಲ ದಬ್ಬಿದ್ರು. ಆ ಮೆಟ್ಲ ಮ್ಯಾಲ ಪಾಚಿ ಇತ್ತು."

ಅಷ್ಟು ಹೇಳಿ ಅವಳು ಮುಖವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು, "ಮುತ್ಯಾ, ಟೀಚರ್ ಒದರಲೂ ಇಲ್ರಿ. ಯಾಕ ಒದರಲಿಲ್ಲ?"

ಅಯ್ಯಣ್ಣ ಅವಳ ತಲೆಯ ಮೇಲೆ ಕೈ ಇಟ್ಟ. ಅವತ್ತು ಅಲ್ಲಿ ಒಂದು ಕೆಟ್ಟ ಮಾತೂ ಇರಲಿಲ್ಲ. ಆಕಾಶದಲ್ಲಿ ಯಾರು ಹಾಯ್ದಿದ್ದರೂ ಅವರ ಕಿವಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಪಾಚಿ, ನೀರು, ಮತ್ತು ಅಲ್ಲಿಗೇ ಹೋಗು ಎಂದು ತಾನು ಹೇಳಿದ್ದು. ಅವಳು ಇನ್ನೊಂದು ಸಲ ಕೇಳುತ್ತೇನೆ ಎಂದಿದ್ದಳಂತೆ. ಕೇಳಿದ್ದರೆ ತಾನು ಏನು ಹೇಳುತ್ತಿದ್ದೆ ಎಂದು ಅಯ್ಯಣ್ಣ ತನ್ನನ್ನೇ ಕೇಳಿಕೊಂಡ. ‘ಅಲ್ಲೇ ಮುಗಿಸಿಬಿಡು’ ಎಂದೇ ಹೇಳುತ್ತಿದ್ದ.

ಎದ್ದು ಬಾಗಿಲಿಗೆ ಬಂದಾಗ ಹೇಳಿದ, "ಮೌಲಾಲಿ, ಮಗಳನ್ನ ನಮ್ಮ ಪಡಸಾಲಿಗಿ ಕಳಸು. ಉಳದ ಹುಡುಗೂರೂ ಬರ್ಲಿ. ಗೊತ್ತಿದ್ದವರು ಹೇಳ್ಲಿ, ಗೊತ್ತಿಲ್ದವರು ಕಲೀಲಿ. ಎಲ್ಲಾ ಅನ್ಲಿ. ಒಂದೂ ಬಿಡೂದು ಬ್ಯಾಡ."

ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಗೊಲ್ಲಾಳಮ್ಮ ದೀಪದ ಗೂಡಿನ ಮುಂದೆ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದಳು. ಅವಳು ಗಂಡನ ಮುಖ ನೋಡಿ, "ಎಲ್ಲಿ ಹೋಗಿದ್ರಿ?" ಎಂದಳು. ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಆ ಮನೆಯಲ್ಲಿ ಆ ಹೊತ್ತಿನಲ್ಲಿ ಹಾಗೆ ಕೇಳುವಂತಿರಲಿಲ್ಲ.

ಅಯ್ಯಣ್ಣ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದ. ಏನನ್ನೂ ಬಿಡಲಿಲ್ಲ, ಯಾವುದನ್ನೂ ಮುಚ್ಚಿ ಆಡಲಿಲ್ಲ. ಆಮೇಲೆ, "ನಿನ್ನ ಮಾತಿನಿಂದ ಶಿವರಾಜಗ ಏನೂ ಆಗಿರ್ಲಿಲ್ಲ. ಇಷ್ಟು ವರ್ಷ ನಿನ್ನನ್ನ ಸುಮ್ನ ಸುಡಾಕ ಬಿಟ್ಟೆ ನಾ" ಎಂದ. ಗೊಲ್ಲಾಳಮ್ಮ ಗಿಂಡಿಯನ್ನು ಕೆಳಗಿಟ್ಟಳು. ಸೆರಗು ಬಾಯಿಗೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಬಹಳ ಹೊತ್ತು ಅತ್ತಳು. ಅಯ್ಯಣ್ಣ ತಡೆಯಲಿಲ್ಲ. ದೀಪದ ಹೊತ್ತಿನಲ್ಲಿ ಅಳಬಾರದೆಂದು ಹೇಳುವ ಬಾಯಿ ಅವನಿಗೆ ಉಳಿದಿರಲಿಲ್ಲ.

ಕೊನೆಗೆ ಅವನೇ ಬತ್ತಿ ಹೊಸೆದು, ಎಣ್ಣೆ ಹಾಕಿ, ದೀಪ ಹಚ್ಚಿದ. ಅದರ ಮುಂದೆ ನಿಂತು, ಇಷ್ಟು ದಿನ ತುಟಿಯ ಹಿಂದೆ ತಡೆದಿಟ್ಟಿದ್ದನ್ನು ಬಾಯಿ ಬಿಟ್ಟು ಹೇಳಿದ: "ನಮ್ಮ ಉಮಾ ಸತ್ತಳು."

ಅವನು ಮೊಣಕಾಲೂರಿ ಕುಳಿತು, ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದ.

ತಂದೆಯೇ, ಮಹಾದೇವನೇ, ನಿನ್ನನ್ನು ಬಿಟ್ಟು ಬೇರೆ ಬೇರೆ ಭಯಗಳಿಗೆ ಕೈ ಮುಗಿದೆ. ನನ್ನ ಲೆಕ್ಕವನ್ನು ನೀನು ನನ್ನೊಂದಿಗೇ ಮಾಡಿಕೋ. ನನ್ನ ಮಗುವಿನ ಮೇಲೆ ಅದರ ನೆರಳು ಬೀಳದಿರಲಿ. ಅವಳು ಇನ್ನೊಬ್ಬರ ಮಗುವನ್ನು ಮೇಲಕ್ಕೆ ದಬ್ಬಿ ಬಂದಿದ್ದಾಳೆ. ಆ ನೀರು ಬಹಳ ತಣ್ಣಗಿತ್ತು ಸ್ವಾಮೀ, ಅವಳನ್ನು ಬೆಚ್ಚಗಿಡು. ಅವಳಿಗೆ ಇನ್ನು ಯಾರ ಅಂಜಿಕೆಯ ಭಾರವೂ ಬೇಡ. ನಿನ್ನ ಪಾದದ ಬಳಿ ಅವಳು ದಣಿವಾರಿಸಿಕೊಳ್ಳಲಿ. ಶಿವನೇ, ನನ್ನ ಉಮಾಗೆ ಶಾಂತಿ ಕೊಡು.